ಕಾವಲುಗಾರನ ಪಾತ್ರ

“ಬರ್ಲಿ, ಬರ್ಲಿ... ಇನ್ನೂ ಬರ್ಲಿ... ಅಯ್ಯೋ ನಿಲ್ಸಪ್ಪಾ! ಗೋಡೆ!”

ಡ್ರೈವರ್ ಬ್ರೇಕ್ ಒತ್ತಿದ. ಶವದ ವ್ಯಾನಿನ ಹಿಂಭಾಗಕ್ಕೂ ಕಾಂಪೌಂಡಿನ ಗೋಡೆಗೂ ನಡುವೆ ಅಂಗೈಯಗಲ ಜಾಗ ಉಳಿದಿತ್ತು. ಹಿಂದೆ ನಿಂತು ಕೈ ಬೀಸುತ್ತಿದ್ದ ಪಕ್ಕದ ಮನೆಯ ಯಜಮಾನರು ತಾವೇ ಗಾಡಿಯನ್ನು ಹಿಡಿದು ನಿಲ್ಲಿಸಿದವರಂತೆ ಬೆವರು ಒರೆಸಿಕೊಂಡರು. ಇದಕ್ಕಿಂತ ಇಕ್ಕಟ್ಟಾದ ಎಷ್ಟೋ ಓಣಿಗಳಲ್ಲಿ ಇಪ್ಪತ್ತು ವರ್ಷದಿಂದ ಗಾಡಿ ಹಿಂದಕ್ಕೆ ತೆಗೆದವನು ಡ್ರೈವರ್. ಆದರೂ ಯಾರು ಕೈ ಬೀಸಿದರೂ ಬೀಸಲು ಬಿಡುತ್ತಿದ್ದ. ಸಾವಿನ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ಬೇಕಿರುತ್ತದೆ.

ಬೆಳಿಗ್ಗೆ ಡಿಪೋದಲ್ಲಿ ಚೀಟಿ ಕೈಗೆ ಬಂದಾಗಲೇ ಅವನು ವಿಳಾಸದ ಗುರುತು ಹಿಡಿದಿದ್ದ. ಅವನ ಮುಖ ನೋಡಿ ಜೊತೆಯ ಡ್ರೈವರ್, “ಗೊತ್ತಿರೋರಾ? ಕಷ್ಟ ಆದ್ರೆ ಹೇಳು, ನಾನು ಹೋಗ್ತೀನಿ” ಎಂದಿದ್ದ.

“ಬೇಡ. ನಾನೇ ಹೋಗ್ಬೇಕು. ಏಳನೇ ಕ್ಲಾಸಲ್ಲಿ ನನ್ನ ಮೇಷ್ಟ್ರು.”

“ಅಯ್ಯೋ ಪಾಪ.”

“ಪಾಪಗೀಪ ಏನಿಲ್ಲ. ನಿಜವಾಗ್ಲೂ ಸತ್ತಿದಾನಾ ಅಂತ ನೋಡ್ಬೇಕು.”

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳ ತುಂಬ ಚರಿತ್ರೆ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು. ತಲೆ ನೆರೆತವರು, ಹೊಟ್ಟೆ ಬಂದವರು, ಮಗಳ ಮದುವೆ ಮಾಡಿ ಮುಗಿಸಿದವರು. ಆದರೆ ಒಬ್ಬರನ್ನೊಬ್ಬರು ಕರೆಯುವುದು ಮಾತ್ರ ಇನ್ನೂ ಏಳನೇ ಕ್ಲಾಸಿನ ಹೆಸರಿನಿಂದ. ಮೇಷ್ಟ್ರ ತರಗತಿಯಲ್ಲಿ ಯಾರು ಯಾವ ಮಹಾಪುರುಷನ ಪಾತ್ರ ಮಾಡಿದ್ದರೋ ಆ ಹೆಸರು ಮೈಗೆ ಅಂಟಿಕೊಂಡೇ ಬೆಳೆದಿತ್ತು.

“ಎಲ್ಲಪ್ಪಾ ನಮ್ಮ ದುರ್ಬೀನು? ಇನ್ನೂ ಬಂದಿಲ್ವಾ?”

“ಇಲ್ಲೇ ಕೂತಿದೀನಲ್ಲೋ. ಕಣ್ಣು ಕಾಣಲ್ವಾ?”

“ನಿನ್ನ ಅಂಗಡೀಲಿ ತಗೊಂಡ ಕನ್ನಡಕ ಕಣೋ. ಹೆಂಗೆ ಕಾಣುತ್ತೆ?”

ನಕ್ಕವರು ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಬಾಲ್ಯದಲ್ಲಿ ಖಗೋಳವಿಜ್ಞಾನಿಯ ಪಾತ್ರ ಮಾಡಿ ಈಗ ಕನ್ನಡಕದಂಗಡಿ ಇಟ್ಟಿದ್ದ ದುರ್ಬೀನು, ವ್ಯಾನಿನಿಂದ ಇಳಿದ ಡ್ರೈವರನ್ನು ಕತ್ತು ಚಾಚಿ ನೋಡಿದ.

“ಏಯ್! ನೀನು ಕೋಟೆಬಾಗ್ಲು ಅಲ್ವೇನೋ?”

ಕುರ್ಚಿಗಳೆಲ್ಲ ಕಿರ್ರೆಂದು ತಿರುಗಿದವು. “ಹೌದು ಕಣೋ, ಅವನೇ! ಕೋಟೆಬಾಗ್ಲು! ಮೂವತ್ತು ವರ್ಷ ಎಲ್ಲಿ ಹಾಳಾಗಿ ಹೋಗಿದ್ಯೋ?”

“ಗಾಡಿ ಓಡಿಸ್ತಿದ್ದೆ.”

“ಎಲ್ಲರೂ ಹುಷಾರಾಗಿರ್ರಪ್ಪಾ” ಎಂದ ಇನ್ನೊಬ್ಬ. “ಇವನು ಬಂದ ಅಂದ್ರೆ ಯಾವ ಬಾಗ್ಲು ತೆಗೀತಾನೋ!”

“ಆತುರ ಪಡ್ಬೇಡಿ” ಎಂದ ಡ್ರೈವರ್, ವ್ಯಾನಿನ ಹಿಂಬಾಗಿಲ ಚಿಲಕ ಸರಿಸುತ್ತಾ. “ಒಬ್ಬೊಬ್ಬರಿಗೂ ತೆಗೀತೀನಿ. ಸರದಿ ಬರ್ಲಿ.”



ಒಳಗಿನಿಂದ ಬಿಳಿ ಅಂಗಿಯ, ಎತ್ತರದ ಆಳೊಬ್ಬ ಫೋನು ಕಿವಿಗಿಟ್ಟುಕೊಂಡೇ ಹೊರಬಂದ. ಅಂದಿನ ಹೆಡ್‌ಮೇಷ್ಟ್ರ ಮಗ, ಇಂದು ಮೂರಂತಸ್ತಿನ ಫರ್ನಿಚರ್ ಅಂಗಡಿಯ ಮಾಲೀಕ, ಎಲ್ಲರ ಬಾಯಲ್ಲೂ ಸಾಮ್ರಾಟ. ಯಾರು ಸ್ಟ್ರೆಚರಿನ ಮುಂದೆ ಹಿಡಿಯಬೇಕು, ಯಾರು ಹಿಂದೆ, ಯಾರ ಕಾರು ಯಾರ ಹಿಂದೆ ಹೋಗಬೇಕು ಎಲ್ಲವನ್ನೂ ಅವನೇ ಗೊತ್ತು ಮಾಡಿದ್ದ. ಡ್ರೈವರನ್ನು ಒಮ್ಮೆ ನೋಡಿದ, ಕಣ್ಣು ತೆಗೆದ, ಫೋನಿನಲ್ಲಿ ಮಾತಾಡುವವನಂತೆ ಹೇಳಿದ: “ಗಾಡಿ ತೊಳೆದಿದೀಯಾ ತಾನೆ?”

*

ಮೇಷ್ಟ್ರು ಪಠ್ಯಪುಸ್ತಕ ಮುಟ್ಟುತ್ತಿದ್ದುದೇ ಅಪರೂಪ. ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. “ಚರಿತ್ರೆ ಅಂದ್ರೆ ಯಾರೋ ಒಬ್ಬರು ಬೆಳಿಗ್ಗೆ ಎದ್ದು ಏನೋ ಒಂದು ಮಾಡಿದ್ದು. ಯಾಕೆ ಮಾಡಿದ್ರಿ ಅಂತ ಅವರನ್ನೇ ಕರೆದು ಕೇಳಿಬಿಡೋಣ” ಎನ್ನುತ್ತಿದ್ದರು. ಹಾಗೆಂದು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಕಿರೀಟವನ್ನೋ ರಟ್ಟಿನ ಕತ್ತಿಯನ್ನೋ ಕೊಟ್ಟು ಒಬ್ಬನನ್ನು ಕುರ್ಚಿಯ ಮೇಲೆ ನಿಲ್ಲಿಸುತ್ತಿದ್ದರು. ನಿಂತವನು ‘ನಾನು’ ಎಂದೇ ಮಾತಾಡಬೇಕು. ಉಳಿದವರು ಅಡ್ಡಪ್ರಶ್ನೆ ಹಾಕಬೇಕು. “ದೊಡ್ಡೋರ ಬದುಕು ಓದೋದು ಕೈ ಮುಗಿಯೋಕಲ್ಲ ಕಣ್ರೋ. ಅವರಿಗೂ ನೆಗಡಿ ಆಗ್ತಿತ್ತು ಅಂತ ತಿಳ್ಕೊಳ್ಳೋಕೆ.”

ಕಿಟಕಿ ಪಕ್ಕದ ಕೊನೆಯ ಬೆಂಚಿನ ಹುಡುಗನಿಗೆ ಆ ಒಂದು ಗಂಟೆ ಎಂದರೆ ಜೀವ. ಅವನಿಗೆ ಸಮುದ್ರ ಸುತ್ತಿದ ನಾವಿಕನಾಗಬೇಕಿತ್ತು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಗ ಬಟ್ಟೆಗಂಟಿನ ಮೇಲೆ ಹತ್ತಿ ನಿಂತು, “ನೆಲ ಕಾಣ್ತಾ ಇದೆ!” ಎಂದು ಕೂಗಿ ಅಭ್ಯಾಸ ಮಾಡುತ್ತಿದ್ದ. ತಾಯಿ, “ಇಳಿಯೋ, ಅದು ಡಾಕ್ಟರ ಅಂಗಿ” ಎಂದು ಗದರುತ್ತಿದ್ದಳು.

ನಾವಿಕನ ಪಾಠ ಬರುವ ಮೊದಲೇ ಕೋಟೆಯ ಪಾಠ ಬಂತು. ಮೂರು ತಿಂಗಳು ಮುತ್ತಿಗೆ ಹಾಕಿದರೂ ಬೀಳದ ಕೋಟೆ. ಕೊನೆಗೆ ಒಬ್ಬ ಕಾವಲುಗಾರ ಬಾಗಿಲು ತೆಗೆದುಕೊಟ್ಟು ಬಿದ್ದುಹೋದ ಕೋಟೆ. ದೊರೆಯಾಗಲು ಹದಿನಾಲ್ಕು ಕೈ ಮೇಲೆದ್ದವು. ಕಾವಲುಗಾರನಾಗಲು ಒಂದೂ ಏಳಲಿಲ್ಲ. ಮೇಷ್ಟ್ರ ಕಣ್ಣು ಬೆಂಚಿನಿಂದ ಬೆಂಚಿಗೆ ಹರಿಯಿತು. ಹೆಡ್‌ಮೇಷ್ಟ್ರ ಮಗನನ್ನು ದಾಟಿತು, ಡಾಕ್ಟರ ಮಗನನ್ನು ದಾಟಿತು, ಕೊನೆಯ ಬೆಂಚಿಗೆ ಬಂದು ನಿಂತಿತು. ‘ನಮ್ಮ ಹುಡುಗನಿಗೆ ಇಂಥ ಪಾತ್ರವೇ’ ಎಂದು ಜಗಳಕ್ಕೆ ಬರುವವರು ಆ ಬೆಂಚಿನವನಿಗೆ ಇರಲಿಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು.

“ನೀನು ಮಾಡು ಮರಿ. ಪಾತ್ರ ತಾನೆ?”

ಹುಡುಗ ಕುರ್ಚಿ ಹತ್ತಿದ. “ಯಾಕೋ ಬಾಗ್ಲು ತೆಗ್ದೆ?” ಎಂದು ಕ್ಲಾಸು ಕಿರುಚಿತು.

“ಒಳಗಿನೋರು ಮೂರು ತಿಂಗಳಿಂದ ನನಗೆ ಅರೆಹೊಟ್ಟೆ ಊಟ ಹಾಕಿದ್ರು. ದೊರೆ ಕುದುರೆ ಮಾತ್ರ ದಪ್ಪಗೇ ಇತ್ತು.”

ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೇಷ್ಟ್ರು ಚಾಕ್ ಕೆಳಗಿಟ್ಟು, “ಭೇಷ್” ಎಂದರು. ಹುಡುಗನಿಗೆ ಹೆಮ್ಮೆ ಎನ್ನುವುದು ಗಂಟೆ ಹೊಡೆಯುವವರೆಗೆ, ಸರಿಯಾಗಿ ಹತ್ತು ನಿಮಿಷ ಇತ್ತು. ಗಂಟೆ ಹೊಡೆದ ಮೇಲೆ ಸಾಮ್ರಾಟ ತನ್ನ ದಂಡು ಕಟ್ಟಿಕೊಂಡು ಮೈದಾನದಲ್ಲಿ ಅವನನ್ನು ಕೆಡವಿ ತುಳಿದ. ಅಂದಿನಿಂದ ಅವನು ಕೋಟೆಬಾಗ್ಲು. ಮರುದಿನ ಹರಿದ ಅಂಗಿ ನೋಡಿ ಮೇಷ್ಟ್ರು, “ಆಟ ಅಂದ್ಮೇಲೆ ಹಂಗೇನೆ” ಎಂದು ಹಾಜರಿ ಕರೆಯತೊಡಗಿದರು.

*

ಒಂದು ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಡ್ರೈವರ್ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ನಡುಮನೆಯಲ್ಲಿ ಸಾಮ್ರಾಟನ ಭಾಷಣ ನಡೆಯುತ್ತಿತ್ತು. “ಸತ್ಯ ಅಂದ್ರೆ ಏನು ಅಂತ ಕಲಿಸಿದ್ದೇ ನಮ್ಮ ಮೇಷ್ಟ್ರು...”

ನೆಲದ ಮೇಲೆ ಬಿಳಿ ಬಟ್ಟೆಯಲ್ಲಿ ಮೇಷ್ಟ್ರು ಇದ್ದರು. ಡ್ರೈವರ್ ನೋಡಿದ. ಮೂವತ್ತೆರಡು ವರ್ಷ ಮನಸ್ಸಿನಲ್ಲೇ ಬೈದು ಬೈದು ಅವನು ಆ ಮನುಷ್ಯನನ್ನು ದೊಡ್ಡದಾಗಿ ಬೆಳೆಸಿಟ್ಟಿದ್ದ. ಇಲ್ಲಿದ್ದದ್ದು ಬಾಚದ ನಾಲ್ಕು ಕೂದಲಿನ, ಗದ್ದ ಕುಗ್ಗಿದ, ಸಣ್ಣ ಮುದುಕ. ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ಇಷ್ಟೇನಾ, ಅನ್ನಿಸಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಪಕ್ಕದಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟುತ್ತಿದ್ದರು. ಅವರಲ್ಲಿ ಕಿರಿಯವಳು ಮೇಷ್ಟ್ರ ಹತ್ತಿರವೇ ಓದಿ, ಈಗ ಅದೇ ಶಾಲೆಯಲ್ಲಿ ಅವರ ಜಾಗಕ್ಕೇ ಬಂದಿರುವ ಟೀಚರ್.

“ನಿಮ್ಮ ಕಾಲದಲ್ಲಿ ಕೋಟೆ ಕಾವಲುಗಾರ ಯಾರಾಗಿದ್ರು?” ಎಂದು ಹಿರಿಯಾಕೆ ಕೇಳಿದಳು.

“ಮೇಷ್ಟ್ರೇ. ಆ ಪಾತ್ರ ಹುಡುಗರಿಗೆ ಕೊಡ್ತಾನೇ ಇರ್ಲಿಲ್ಲ. ನಮ್ಮ ಅಣ್ಣಂದಿರ ಕಾಲದಿಂದ್ಲೂ ಹಂಗೇ ಅಂತೆ. ಜವಾನನ ಟೋಪಿ ಹಾಕ್ಕೊಂಡು ತಾವೇ ಕುರ್ಚಿ ಹತ್ತೋರು. ನಾವು ಬಾಯಿಗೆ ಬಂದಂಗೆ ಬೈತಿದ್ವಿ. ಒಂದ್ಸಲ ಯಾರೋ ಡಸ್ಟರ್ ಎಸೆದು ಹುಬ್ಬು ಒಡೀತು, ಆದ್ರೂ ಇಳೀಲಿಲ್ಲ. ಯಾಕೆ ಬಾಗ್ಲು ತೆಗೆದ್ರಿ ಅಂದ್ರೆ ಒಂದೇ ಉತ್ತರ. ‘ಹೆದರಿದ್ದೆ.’ ಅಷ್ಟೇ. ಮುಂದಕ್ಕೆ ಒಂದು ಮಾತಿಲ್ಲ.”

ಡ್ರೈವರ್ ಕಾಗದವನ್ನು ಮೇಷ್ಟ್ರ ಹೆಂಡತಿಯ ಮುಂದೆ ಹಿಡಿದ. ಆಕೆ ಅಳುತ್ತಿರಲಿಲ್ಲ. ಗಿಡ್ಡನೆಯ, ಗಟ್ಟಿ ಮೈಯ ಹೆಂಗಸು. ಸಹಿ ಹಾಕಿ, ಕೆಳಗೆ ಅಚ್ಚಾಗಿದ್ದ ಚಾಲಕನ ಹೆಸರನ್ನು ಓದಿ, ತಲೆಯೆತ್ತಿದರು. ಒಂದು ಗಳಿಗೆ ನೋಡಿದರು.

“ನಿನ್ನನ್ನೇ ಕಳಿಸಿದ್ರಾ, ನೀನೇ ಬಂದ್ಯಾ?”

“ನಾನೇ ಬಂದೆ.”

“ಹ್ಞೂಂ” ಎಂದು ಪೆನ್ನಿನ ಮುಚ್ಚಳ ಹಾಕಿದರು.

*

ವಾರ್ಷಿಕ ಪರೀಕ್ಷೆಗೆ ಇನ್ನು ಒಂದು ವಾರ ಇದ್ದಾಗ, ಒಂದು ಸಂಜೆ ಯಾರೋ ಸ್ಟಾಫ್‌ರೂಮಿನ ಬೀರು ಒಡೆದು ಚರಿತ್ರೆಯ ಪ್ರಶ್ನೆಪತ್ರಿಕೆ ಕದ್ದಿದ್ದರು. ಹೆಡ್‌ಮೇಷ್ಟ್ರು ಬೆತ್ತ ಹಿಡಿದು ಏಳನೇ ಕ್ಲಾಸಿಗೆ ಬಂದರು. “ಯಾರು?”

“ಕೋಟೆಬಾಗ್ಲು” ಎಂದಿತು ಒಂದು ದನಿ. ನಗು ಎದ್ದಿತು. ಆಮೇಲೆ ಇನ್ನೊಂದು ದನಿ, ಮತ್ತೊಂದು. ನಗು ನಿಂತ ಮೇಲೂ ದನಿಗಳು ನಿಲ್ಲಲಿಲ್ಲ. ನಲವತ್ತು ಬಾಯಿ ಒಂದೇ ಹೆಸರು ಹೇಳಿದ ಮೇಲೆ ಅದು ಸಾಕ್ಷಿಯೇ ಆಯಿತು.

ಹೆಡ್‌ಮೇಷ್ಟ್ರು ಚರಿತ್ರೆ ಮೇಷ್ಟ್ರ ಕಡೆ ತಿರುಗಿದರು. “ನಿನ್ನೆ ಶಾಲೆ ಬಿಟ್ಟ ಮೇಲೂ ಇವನು ಇಲ್ಲೇ ಸುಳಿದಾಡ್ತಿದ್ನಂತೆ. ನೀವು ನೋಡಿದ್ರಾ?”

ಹುಡುಗನಿಗೆ ಒಳಗೊಳಗೇ ಧೈರ್ಯ ಬಂತು. ಶಾಲೆ ಬಿಟ್ಟ ಮೇಲೆ ಅವನು ಮೇಷ್ಟ್ರ ಜೊತೆಗೇ ಇದ್ದ. ಹರಿದ ಭೂಪಟದ ಬೆನ್ನಿಗೆ ಬಟ್ಟೆ ಅಂಟಿಸಲು ಮೇಷ್ಟ್ರೇ ನಿಲ್ಲಿಸಿಕೊಂಡಿದ್ದರು. ಕತ್ತಲಾಗುವವರೆಗೆ ಇಬ್ಬರೂ ನೆಲದ ಮೇಲೆ ಮಂಡಿಯೂರಿ, ಅವನು ಒಂದು ಸಮುದ್ರ, ಅವರು ಒಂದು ಸಮುದ್ರ ಎಂದು ಹಂಚಿಕೊಂಡು ಅಂಟು ಹಚ್ಚಿದ್ದರು. ಆ ಅಂಟು ಮೇಷ್ಟ್ರ ಉಗುರಿನ ಸಂದಿಯಲ್ಲಿ ಇನ್ನೂ ಒಣಗಿಕೊಂಡಿತ್ತು. ಅವರು ಅದನ್ನೇ ಕೆರೆಯುತ್ತಾ ನಿಂತಿದ್ದರು.

“ನಾನು... ಸರಿಯಾಗಿ ಗಮನಿಸ್ಲಿಲ್ಲ ಸಾರ್.”

ಮೂರು ದಿನಕ್ಕೆ ಟೀಸಿ ಕೈಗೆ ಬಂತು. ತಾಯಿ ಬಟ್ಟೆಗಂಟಿನ ಹಗ್ಗದಲ್ಲಿ ಬಾರಿಸಿದಳು, ಆಮೇಲೆ ತಾನೇ ಅತ್ತಳು, ಆಮೇಲೆ ಒಂದು ಗ್ಯಾರೇಜಿಗೆ ಕರೆದೊಯ್ದು ಬಿಟ್ಟಳು. ಪ್ರಶ್ನೆಪತ್ರಿಕೆ ಯಾರ ಚೀಲ ಸೇರಿತ್ತು ಎಂಬುದು ರಜೆ ಮುಗಿಯುವುದರೊಳಗೆ ಮೈದಾನಕ್ಕೆಲ್ಲ ಗೊತ್ತಾಗಿತ್ತು. ಕಳ್ಳ ಸಿಕ್ಕನೆಂದು ಪತ್ರಿಕೆ ಬದಲಿಸಿರಲಿಲ್ಲ. ಆ ವರ್ಷ ಚರಿತ್ರೆಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವನು ಸಾಮ್ರಾಟ. ಗೊತ್ತಾದರೂ ಯಾರೂ ಬಾಯಿಬಿಡಲಿಲ್ಲ, ಹೆಸರೂ ಬದಲಾಗಲಿಲ್ಲ.

*

ಸ್ಟ್ರೆಚರನ್ನು ವ್ಯಾನಿನೊಳಗೆ ಸರಿಸಿ ಬಾಗಿಲು ಹಾಕುವ ಹೊತ್ತಿಗೆ ಸಾಮ್ರಾಟ ಮುಂದಿನ ಸೀಟಿಗೆ ಹತ್ತಿ ಕೂತಿದ್ದ.

“ಇಳಿ” ಎಂದರು ಮೇಷ್ಟ್ರ ಹೆಂಡತಿ.

“ಅಲ್ಲಮ್ಮಾ, ಡ್ರೈವರ್‌ಗೆ ದಾರಿ ತೋರಿಸೋಕೆ ಒಬ್ಬರು...”

“ಚಿತಾಗಾರದ ದಾರಿ ಅವನಿಗಿಂತ ನಿನಗೆ ಚೆನ್ನಾಗಿ ಗೊತ್ತಾ? ಇಳಿ ಅಂದೆ.”

ವ್ಯಾನು ಓಣಿ ದಾಟಿ ದೊಡ್ಡ ರಸ್ತೆಗೆ ಬಂತು. ಹಿಂದೆ ನಾಲ್ಕು ಕಾರು, ಎಲ್ಲಕ್ಕಿಂತ ಮುಂದೆ ಸಾಮ್ರಾಟನದು. ಒಂದು ಸಿಗ್ನಲ್ ಕಳೆಯಿತು.

“ಬೈಯೋದಿದ್ರೆ ಬೈದುಬಿಡು” ಎಂದರು ಆಕೆ, ಎದುರಿನ ಗಾಜು ನೋಡುತ್ತಲೇ. “ಅವರಿಗಂತೂ ಇನ್ನು ಕೇಳಲ್ಲ. ನನಗೆ ಕೇಳುತ್ತೆ.”

“ನಿಮಗೆ ಗೊತ್ತಿತ್ತಾ?”

“ಅವತ್ತೇ ಗೊತ್ತಿತ್ತು. ಊಟ ಬಿಟ್ಟು ಕೂತಿದ್ರು. ನಾಳೆ ಹೋಗಿ ನಿಜ ಹೇಳಿಬಿಡ್ತೀನಿ ಅಂದ್ರು. ನಾನೇ ಬೇಡ ಅಂದೆ. ಹೆಡ್‌ಮೇಷ್ಟ್ರನ್ನ ಎದುರು ಹಾಕ್ಕೊಂಡ್ರೆ ನೌಕರಿ ಕಾಯಂ ಆಗ್ತಿರ್ಲಿಲ್ಲ. ನನಗೆ ಐದು ತಿಂಗಳಾಗಿತ್ತು. ಯಾರದೋ ಮಗನಿಗೋಸ್ಕರ ನನ್ನ ಮಗೂನ ಬೀದಿಗೆ ಹಾಕ್ಬೇಡಿ ಅಂದೆ.” ಆಕೆ ಸೆರಗಿನ ಅಂಚನ್ನು ಮಡಿಚಿದರು. “ನೌಕರಿ ಉಳೀತು. ಮಗು ಉಳೀಲಿಲ್ಲ.”

ಡ್ರೈವರ್ ಗೇರ್ ಬದಲಿಸಿದ. ಅಯ್ಯೋ ಎನ್ನುವ ಮಾತು ಅವನ ಬಾಯಿಗೆ ಬರಲಿಲ್ಲ. ಬರಿಸಿಕೊಳ್ಳಲೂ ಇಲ್ಲ.

“ನಿನ್ನ ನೋಡೋಕೆ ಬಂದಿದ್ರು. ಗ್ಯಾರೇಜಿನ ಎದುರು ಟೀ ಅಂಗಡಿ ಇತ್ತಲ್ಲ, ಅಲ್ಲಿವರೆಗೆ ಎಷ್ಟೋ ಸಲ ಬಂದು ಟೀ ಕುಡಿದು ವಾಪಸ್ ಬರೋರು. ನೋಡಿದೆ ಕಣೇ, ಉದ್ದ ಆಗಿದಾನೆ ಅನ್ನೋರು. ನೋಡಿದೆ ಕಣೇ, ಮೀಸೆ ಬಂದಿದೆ ಅನ್ನೋರು. ಮಾತಾಡಿಸಿದ್ರಾ ಅಂದ್ರೆ ತಲೆ ತಗ್ಗಿಸೋರು. ನಾನು ಕಟ್ಟಿಕೊಂಡಿದ್ದು ಒಬ್ಬ ಹೇಡೀನ. ಆಮೇಲೆ ಶುರುವಾಯ್ತು, ಆ ಟೋಪಿ ಹಾಕ್ಕೊಂಡು ಕುರ್ಚಿ ಹತ್ತೋದು.”

“ಅಷ್ಟು ವರ್ಷ ನಾಟಕ ಆಡೋಕೆ ಪುರುಸೊತ್ತಿತ್ತು” ಎಂದ ಡ್ರೈವರ್. ದನಿ ಅವನಿಗೇ ಬೇರೆಯಾಗಿ ಕೇಳಿಸಿತು. “ರಸ್ತೆ ದಾಟೋಕೆ ಹತ್ತು ಹೆಜ್ಜೆ ಇಡೋಕೆ ಆಗ್ಲಿಲ್ವಾ? ನನ್ನ ಹತ್ರ ಬರೋದೂ ಬೇಡಮ್ಮಾ. ಲಾಂಡ್ರಿಗೆ ಹೋಗಿ ನಮ್ಮಮ್ಮನಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ನಿಮ್ಮ ಹುಡುಗ ಕದ್ದಿಲ್ಲ, ನನ್ನ ಜೊತೆಗಿದ್ದ ಅಂತ. ಅವಳು ಸಾಯೋವಾಗ್ಲೂ ಏನಂದ್ಲು ಗೊತ್ತಾ? ‘ಮಕ್ಕಳಿಗಾದ್ರೂ ಕದಿಯೋದು ಕಲಿಸ್ಬೇಡ ಕಣೋ’ ಅಂದ್ಲು. ನನ್ನ ಹೆಂಡ್ತಿ ಮುಂದೆ.”



ಡ್ರೈವರ್ ಗಾಡಿಯನ್ನು ರಸ್ತೆಯ ಎಡಕ್ಕೆಳೆದು ನಿಲ್ಲಿಸಿ ಇಂಜಿನ್ ಆರಿಸಿದ. ಹಿಂದಿನ ಕಾರುಗಳು ಒಂದಾದ ಮೇಲೊಂದು ಕೀಚೆಂದು ನಿಂತವು.

“ಏನಿದು?”

“ಅಲ್ಲಿ ಹೋದ ಮೇಲೆ ಎಲ್ಲರ ಮುಂದೆ ಹೇಳ್ತೀರಾ?”

“ಇವತ್ತಾ? ಅವರನ್ನ ಸುಡೋ ದಿನಾನಾ?”

“ನನ್ನ ಮಾನ ಹೋಗಿದ್ದೂ ಎಲ್ಲರ ಮುಂದೇನೇ. ಹೇಳ್ತೀನಿ ಅನ್ನಿ, ಗಾಡಿ ಹೋಗುತ್ತೆ.”

“ಹೆಣ ಇಟ್ಕೊಂಡು ಹೆದರಿಸ್ತೀಯಾ ನನ್ನ?” ಆಕೆಯ ಕಣ್ಣು ಕೆಂಪಾಗಿತ್ತು. “ಹೇಳಲ್ಲ. ಏನು ಮಾಡ್ಕೋತೀಯೋ ಮಾಡ್ಕೋ. ಸಂಜೆವರೆಗೂ ಇಲ್ಲೇ ಕೂತಿರ್ತೀನಿ.”

“ಕೂತಿರಿ. ನನಗೂ ಬೇರೆ ಡ್ಯೂಟಿ ಇಲ್ಲ.”

ಹಿಂದೆ ಹಾರ್ನುಗಳು ಬಡಿದುಕೊಳ್ಳತೊಡಗಿದವು. ಸಾಮ್ರಾಟ ಕಾರಿನಿಂದಿಳಿದು ದಾಪುಗಾಲು ಹಾಕುತ್ತಾ ಬಂದ. ಅವನ ಹಿಂದೆ ದುರ್ಬೀನು, ಅವನ ಹಿಂದೆ ಇನ್ನೂ ಏಳೆಂಟು ಮಂದಿ.

“ಏನಾಯ್ತು? ಯಾಕೆ ನಿಲ್ಸಿದೀಯಾ?”

“ಇಂಜಿನ್ ಬಿಸಿಯಾಗಿದೆ.”

ಸಾಮ್ರಾಟ ಇಂಜಿನ್ನಿನ ಕಡೆ ನೋಡಲೂ ಇಲ್ಲ. ಕಿಟಕಿಗೆ ಕೈಯೂರಿ ಒಳಗೆ ಬಾಗಿದ. “ಬಿಸಿಯಾಗಿರೋದು ಯಾರು ಅಂತ ನನಗೆ ಗೊತ್ತು. ಕಳ್ಳ ನನ್ಮಗನೆ, ಸತ್ತವರ ಮೇಲೂ ಕೋಟೆಬಾಗ್ಲು ಬುದ್ಧಿ ತೋರಿಸಿಬಿಟ್ಯಲ್ಲೋ! ಆ ಮನುಷ್ಯ ನಿನ್ನಂಥವನಿಗೆ ಅಕ್ಷರ ಕಲಿಸಿದ್ದಕ್ಕೆ...”

“ಯಾರು ಕಳ್ಳ?”

ಕೇಳಿದವರು ಮೇಷ್ಟ್ರ ಹೆಂಡತಿ. ದನಿ ಜೋರಾಗಿರಲಿಲ್ಲ. ಆದರೆ ಕಿಟಕಿಯ ಬಳಿ ನೆರೆದವರಿಗೆಲ್ಲ ಕೇಳಿಸಿತು.

“ಅಲ್ಲಮ್ಮಾ, ನಾನು ಹೇಳಿದ್ದು...”

“ಆ ಪೇಪರ್ ಕದ್ದಿದ್ದು ಯಾರು ಅಂತ ಕೇಳ್ದೆ. ಬೀರು ಒಡೆದ ಹೊತ್ತಲ್ಲಿ ಇವನು ನಮ್ಮನೆಯವರ ಜೊತೆ ಭೂಪಟಕ್ಕೆ ಅಂಟು ಹಚ್ತಾ ಇದ್ದ. ಅವರಿಗೆ ಗೊತ್ತಿತ್ತು. ನಿಮ್ಮಪ್ಪನಿಗೆ ಹೆದರಿ ಬಾಯಿ ಬಿಡ್ಲಿಲ್ಲ. ಬಾಯಿ ಬಿಡದ ಹಾಗೆ ಮಾಡಿದ್ದು ನಾನು. ಕೇಳಿಸ್ಕೊಳ್ರಪ್ಪಾ ಎಲ್ಲರೂ, ಇನ್ನೊಂದ್ಸಲ ಹೇಳೋಕೆ ನನ್ನ ಕೈಲಾಗಲ್ಲ. ಈಗ ನೀನು ಹೇಳು, ತೊಂಬತ್ತೆಂಟು ಹೆಂಗೆ ಬಂತು ನಿನಗೆ?”

ಸಾಮ್ರಾಟನ ಮುಖದ ಬಣ್ಣ ಇಳಿಯಿತು. “ಮಕ್ಕಳಾಟದ ವಿಷಯ ಈಗ ನಡುರಸ್ತೇಲಿ ಎತ್ತುತಾರಾ? ನಿಮಗೆ ದುಃಖದಲ್ಲಿ ತಲೆ...”

“ತಲೆ ನೆಟ್ಟಗಿದೆ. ಕೈ ತೆಗಿ ಕಿಟಕಿಯಿಂದ.”

ಅವನು ಕೈ ತೆಗೆದ. ಸುತ್ತ ನೋಡಿದ. ದುರ್ಬೀನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದ. ಉಳಿದವರೆಲ್ಲ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಕಣ್ಣು ನೆಟ್ಟಿದ್ದರು. ಆ ದಿನ ಕ್ಲಾಸಿನಲ್ಲಿ ಕೂಗಿದ ಬಾಯಿಗಳಲ್ಲಿ ನಾಲ್ಕೈದು ಅಲ್ಲೇ ಇದ್ದವು. ಸಾಮ್ರಾಟ ಸರಸರನೆ ನಡೆದು ಕಾರು ಹತ್ತಿದ. ಕಾರು ಸಾಲಿನಿಂದ ಹೊರಕ್ಕೆ ಸರಿದು, ಒಂದು ಸ್ಕೂಟರಿಗೆ ಇನ್ನೇನು ತಾಗುವಂತೆ ತಿರುಗಿ, ಬಂದ ದಾರಿಯಲ್ಲೇ ಹೊರಟುಹೋಯಿತು.

“ತೃಪ್ತಿ ಆಯ್ತಾ?” ಎಂದರು ಆಕೆ.

“ಇಲ್ಲ” ಎಂದ ಡ್ರೈವರ್. ನಿಜವಾಗಿಯೂ ಆಗಿರಲಿಲ್ಲ. ಅಮ್ಮನಿಗೆ ಇದು ಕೇಳಿಸಿರಲಿಲ್ಲ. ಅವನು ಬೀಗದಕೈ ತಿರುಗಿಸಿದ.

*

ಚಿತಾಗಾರಕ್ಕೆ ಹತ್ತೊಂಬತ್ತು ಮೆಟ್ಟಿಲು. ಇಂಥ ಕಟ್ಟಡಕ್ಕೆ ಇಷ್ಟು ಮೆಟ್ಟಿಲು ಇಟ್ಟವನನ್ನು ಡ್ರೈವರ್ ದಿನಾ ಬೈಯುತ್ತಿದ್ದ. ವ್ಯಾನಿನ ಹಿಂಬಾಗಿಲು ತೆಗೆದು, ಸ್ಟ್ರೆಚರನ್ನು ಅರ್ಧ ಹೊರಕ್ಕೆ ಎಳೆದುಕೊಟ್ಟು, ತನ್ನ ಸೀಟಿಗೆ ಹೋಗಿ ಕೂತ. ಸ್ಟ್ರೆಚರಿಗೆ ನಾಲ್ಕು ಹಿಡಿಕೆ. ಸಾಮ್ರಾಟ ಗೊತ್ತುಮಾಡಿದ್ದ ನಾಲ್ವರಲ್ಲಿ ಉಳಿದವರು ಮೂವರು: ಮೇಷ್ಟ್ರ ಹೆಂಡತಿಯ ಅಣ್ಣನ ಮಗ, ಪಕ್ಕದ ಮನೆಯ ಯಜಮಾನರು, ದುರ್ಬೀನು. ಸಾಮ್ರಾಟ ತನಗೇ ಇಟ್ಟುಕೊಂಡಿದ್ದ ಮುಂದಿನ ಬಲಮೂಲೆ ಖಾಲಿ.

“ಯಾರಾದ್ರೂ ಬನ್ರಪ್ಪಾ” ಎಂದರು ಯಜಮಾನರು.

ಹಳೆಯ ವಿದ್ಯಾರ್ಥಿಗಳು ಕಾರುಗಳ ಪಕ್ಕದಲ್ಲೇ ನಿಂತಿದ್ದರು. ನೀನು ಹೋಗೋ, ನೀನೇ ಹೋಗೋ ಎಂದು ಮೊಣಕೈಯಲ್ಲಿ ತಿವಿದುಕೊಂಡರೇ ಹೊರತು ಯಾರ ಕಾಲೂ ಏಳಲಿಲ್ಲ. ನಡುರಸ್ತೆಯಲ್ಲಿ ಅದನ್ನೆಲ್ಲ ಕೇಳಿಸಿಕೊಂಡ ಮೇಲೆ ಮೇಷ್ಟ್ರನ್ನು ಹೊರಬೇಕೋ ಬೇಡವೋ ಅವರಿಗೆ ತಿಳಿಯದಾಗಿತ್ತು. ದುರ್ಬೀನು ವ್ಯಾನಿನ ಕಿಟಕಿಗೆ ಬಂದ.

“ಒಂದು ಕೈ ಕಮ್ಮಿ ಇದೆ ಕಣಪ್ಪಾ” ಎಂದ ಮೆಲ್ಲಗೆ. “ನೀನು ಹಿಡಿದ್ರೆ...”

“ಡ್ರೈವರ್ ಹಿಡೀಬಾರದು ಅಂತ ರೂಲ್ಸ್ ಇದೆ.”

ಅಂಥ ರೂಲ್ಸ್ ಇರಲಿಲ್ಲ. ಎಷ್ಟೋ ಅನಾಥ ಹೆಣಗಳನ್ನು ಅವನೊಬ್ಬನೇ ಬೆನ್ನ ಮೇಲೆ ಹೊತ್ತು ಆ ಮೆಟ್ಟಿಲು ಹತ್ತಿದ್ದ. ದುರ್ಬೀನು ಹಿಂತಿರುಗಿ ತನ್ನ ಹಿಡಿಕೆಯ ಬಳಿ ನಿಂತ.

ಡ್ರೈವರ್ ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಎದುರಿನ ಗಾಜಿನಾಚೆ ಮೇಷ್ಟ್ರ ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಯಾರನ್ನೂ ಕೇಳದೆ ಹೋಗಿ ಖಾಲಿ ಹಿಡಿಕೆಗೆ ಕೈ ಹಾಕಿದರು. ಉಳಿದ ಮೂವರೂ ಎತ್ತರದ ಆಳುಗಳು. ಅವರು ಎತ್ತಿದಾಗ ಆಕೆಯ ಮೂಲೆ ಮೊಳದುದ್ದ ಕೆಳಗೇ ಉಳಿಯಿತು. ಮೊದಲ ಮೆಟ್ಟಿಲಲ್ಲಿ ಬಿಳಿ ಬಟ್ಟೆ ಆ ಕಡೆಗೆ ಜಾರಿತು, ಎರಡನೆಯದರಲ್ಲಿ ಮೇಷ್ಟ್ರ ತಲೆ ವಾಲಿತು. ಆಕೆ ನಿಂತು, ಹಿಡಿಕೆಯ ಕೆಳಗೆ ಹೆಗಲು ಕೊಟ್ಟು, ತುದಿಗಾಲಲ್ಲಿ ಎತ್ತಿ ಹಿಡಿದು, ಮೂರನೆಯ ಮೆಟ್ಟಿಲಿಗೆ ಕಾಲಿಟ್ಟರು.